ಕೊಟ್ಟ ಗೊಬ್ಬರ ಗಿಡಕ್ಕೆ ಹತ್ತಿದೆಯೇ? ಎಲೆತೊಟ್ಟಿನ ಪರೀಕ್ಷೆಯಿಂದ ಲೇಸರ್‌ವರೆಗೆ

“ಗೊಬ್ಬರ ಬಿಟ್ಟೇವ್ರೀ. ಗಿಡಕ್ಕ ಹತ್ತೇತೋ ಇಲ್ಲೋ ಹೆಂಗ ತಿಳೀಬೇಕು?”

ಅಥಣಿ ತಾಲ್ಲೂಕಿನ ಐಗಳಿ, ತೆಲಸಂಗ, ಕೊಹಳ್ಳಿ ಸೀಮೆಯ ದ್ರಾಕ್ಷಿ ಪಡಗಳಲ್ಲಿ ಏಪ್ರಿಲ್ ಚಾಟ್ನಿಯಾಗಿ, ಅಂದರೆ ಕಡ್ಡಿ ಸವರಿ ಒಂದೂವರೆ ತಿಂಗಳು ಕಳೆಯುವ ಹೊತ್ತಿಗೆ ಏಳುವ ಪ್ರಶ್ನೆ ಇದು. ಅದಕ್ಕೆ ಕಾರಣವೂ ಇದೆ. ಮುಂದಿನ ಫೆಬ್ರುವರಿ-ಮಾರ್ಚ್‌ನಲ್ಲಿ ಕೊಯ್ಯುವ ಗೊನೆ ಕಡ್ಡಿಯ ಕಣ್ಣಿನೊಳಗೆ ರೂಪುಗೊಳ್ಳುವುದು ಆಗಲೇ. ಆ ದಿನಗಳಲ್ಲಿ ಗಿಡಕ್ಕೆ ಪೋಷಣೆ ಸಾಲದೆ ಹೋದರೆ ಗೊನೆಯಾಗಬೇಕಿದ್ದ ಕುಡಿ ಬರೀ ಬಳ್ಳಿಯಾಗಿ ಚಾಚಿಕೊಳ್ಳುತ್ತದೆ. ತಪ್ಪು ಕಣ್ಣಿಗೆ ಬೀಳುವುದು ಅಕ್ಟೋಬರ್ ಚಾಟ್ನಿಯ ಮೇಲೆ. ಆಗ ಎಷ್ಟು ಗೊಬ್ಬರ ಸುರಿದರೂ ಇಲ್ಲದ ಗೊನೆ ಬರುವುದಿಲ್ಲ.

ಮಣ್ಣಿಲ್ಲದ ಬೇಸಾಯ, ಅಂದರೆ ಹೈಡ್ರೋಪೋನಿಕ್ಸ್ ಮಾಡುವವರದೂ ಇದೇ ಪ್ರಶ್ನೆ, ಆದರೆ ಅವರಿಗೆ ಅವಸರ ಹೆಚ್ಚು. ಪೈಪಿನಲ್ಲಿ ಹರಿಯುವ ನೀರಿನಲ್ಲಿ ಬೆಳೆಯುವ ಲೆಟ್ಯೂಸ್‌ಗೆ ಮಣ್ಣಿನ ಬೆಂಬಲವಿಲ್ಲ. ಒಂದು ಪೋಷಕಾಂಶ ತಪ್ಪಿದರೆ ಕೆಲವೇ ದಿನಗಳಲ್ಲಿ ಎಲೆ ಹೇಳಿಬಿಡುತ್ತದೆ. ನಮ್ಮ ಡ್ರಿಪ್ ದ್ರಾಕ್ಷಿ ಮಣ್ಣಿನ ಬೇಸಾಯ, ನೀರಿನ ಬೇಸಾಯ ಇವೆರಡರ ನಡುವೆ ನಿಂತಿದೆ. ಹನಿ ಬೀಳುವಲ್ಲೇ ಬೇರುಗಳು ಗುಂಪುಗೂಡುತ್ತವೆ, ಗೊಬ್ಬರವೂ ನೀರಿನಲ್ಲೇ ಕರಗಿ ಬರುತ್ತದೆ. ಮಣ್ಣು ತೆಳ್ಳಗಿರುವ ಕಡೆ ಅದು ಬಹುಪಾಲು ಬಳ್ಳಿಗೆ ಆಧಾರವಷ್ಟೆ. ಹಾಗಾಗಿ ಹೈಡ್ರೋಪೋನಿಕ್ಸ್‌ನವರು ಪೋಷಕಾಂಶ ಅಳೆಯಲು ಹೊಸದಾಗಿ ಏನು ಮಾಡುತ್ತಿದ್ದಾರೆ ಎಂಬುದು ನಮ್ಮ ಪಡಕ್ಕೂ ಸಂಬಂಧಿಸಿದ ವಿಷಯ. ಈಚೆಗೆ ಆ ಕ್ಷೇತ್ರದಲ್ಲಿ ಹೆಚ್ಚು ಕೇಳಿಬರುವ ಹೆಸರು ಲೇಸರ್. ಅದು ಏನು ಮಾಡಬಲ್ಲದು, ಇವತ್ತು ಅದಕ್ಕೆ ದುಡ್ಡು ಹಾಕಬೇಕೇ, ಹಾಕದಿದ್ದರೆ ಕೈಯಲ್ಲಿರುವ ಉಪಾಯಗಳನ್ನು ಹೇಗೆ ಸರಿಯಾಗಿ ಬಳಸುವುದು ಎಂಬುದನ್ನು ಇಲ್ಲಿ ನೋಡೋಣ.

ಇಸಿ ಮೀಟರ್ ಎಷ್ಟು ಹೇಳುತ್ತದೆ?

ಮೊದಲು ಜೇಬಿನಲ್ಲಿರುವ ಯಂತ್ರದಿಂದಲೇ ಶುರು ಮಾಡೋಣ. ನೀರಿನಲ್ಲಿ ಕರಗಿದ ಲವಣ ಹೆಚ್ಚಿದಷ್ಟೂ ವಿದ್ಯುತ್ ಸಲೀಸಾಗಿ ಹರಿಯುತ್ತದೆ. ಇಸಿ ಮೀಟರ್ ಅಳೆಯುವುದು ಅದನ್ನೇ. ಆದರೆ ಅದು ಸಂತೆಯಲ್ಲಿ ತಲೆ ಎಣಿಸಿದ ಹಾಗೆ: ಕೊಳ್ಳಲು ಬಂದವರು ಎಷ್ಟು, ಸುಮ್ಮನೆ ತಿರುಗಾಡಲು ಬಂದವರು ಎಷ್ಟು ಎಂಬುದು ಅದರಿಂದ ತಿಳಿಯುವುದಿಲ್ಲ. ಪೊಟ್ಯಾಷ್ ಇದ್ದರೂ ಅಂಕಿ ಏರುತ್ತದೆ, ಅಡುಗೆ ಉಪ್ಪಿನ ಸೋಡಿಯಂ ಇದ್ದರೂ ಏರುತ್ತದೆ.

ಬೋರ್ ನೀರನ್ನೇ ನಂಬಿದವರಿಗೆ ಇದು ಬರೀ ಪುಸ್ತಕದ ಮಾತಲ್ಲ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 1985ರಲ್ಲಿ ಪ್ರಕಟಿಸಿದ ಕೋಷ್ಟಕದ ಪ್ರಕಾರ ನೀರಾವರಿ ನೀರಿನ ಇಸಿ 1.0 ದಾಟುವವರೆಗೆ ದ್ರಾಕ್ಷಿ ಇಳುವರಿಗೆ ಧಕ್ಕೆಯಿಲ್ಲ. 1.7ಕ್ಕೆ ಬಂದರೆ ಶೇ 10ರಷ್ಟು, 2.7ಕ್ಕೆ ಬಂದರೆ ಶೇ 25ರಷ್ಟು ಕುಸಿತ. ಬೇಸಿಗೆಯಲ್ಲಿ ಬೋರ್ ಇಳಿದಂತೆ ನೀರು ಗಡಸಾಗುತ್ತದೆ. ಹೊಂಡದ ನೀರು ಆವಿಯಾದಂತೆ ಉಳಿದದ್ದರಲ್ಲಿ ಲವಣ ದಟ್ಟವಾಗುತ್ತದೆ. ಟ್ಯಾಂಕರ್ ನೀರು ಎಲ್ಲಿಂದ ಬಂತೋ ಅಲ್ಲಿನ ಗುಣ ಹೊತ್ತು ತರುತ್ತದೆ. ಗೊಬ್ಬರ ಕರಗಿಸುವ ಮೊದಲು ಬರೀ ನೀರಿನ ಇಸಿ ನೋಡಿ ಬರೆದಿಟ್ಟುಕೊಳ್ಳದವನಿಗೆ ಗೊಬ್ಬರದ ಇಸಿ ತಿಳಿಯುವ ದಾರಿಯೇ ಇಲ್ಲ.

ಹೈಡ್ರೋಪೋನಿಕ್ಸ್‌ನಲ್ಲಿ ಇದೇ ತೊಂದರೆ ಇನ್ನಷ್ಟು ಬಲಿಯುತ್ತದೆ. ಅಲ್ಲಿ ಅದೇ ನೀರು ಟ್ಯಾಂಕಿಗೆ ಮರಳಿ ಬಂದು ಮತ್ತೆ ಹರಿಯುತ್ತದೆ. ಗಿಡ ನೈಟ್ರೇಟ್ ಮತ್ತು ಪೊಟ್ಯಾಷ್ ಹೀರಿಕೊಳ್ಳುತ್ತದೆ, ಸೋಡಿಯಂ ಬಹುಪಾಲು ಬಿಟ್ಟುಬಿಡುತ್ತದೆ. ಕಡಿಮೆಯಾದ ನೀರಿಗೆ ನೀವು ಮತ್ತೆ ಬೋರ್ ನೀರು ತುಂಬುತ್ತೀರಿ, ಇನ್ನಷ್ಟು ಸೋಡಿಯಂ ಸೇರುತ್ತದೆ. ವಾರಗಳು ಕಳೆದಂತೆ ಮೀಟರ್ ಅದೇ 1.6 ತೋರಿಸುತ್ತಿರುತ್ತದೆ, ಒಳಗಿನ ಲೆಕ್ಕ ಮಾತ್ರ ತಲೆಕೆಳಗಾಗಿರುತ್ತದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಹೋಗ್ಲಂಡ್ ಮತ್ತು ಆರ್ನನ್ 1938ರಲ್ಲಿ ಕೊಟ್ಟ, ಇಂದಿಗೂ ಎಲ್ಲರೂ ಹೆಸರಿಸುವ ಪೋಷಕ ದ್ರಾವಣದಲ್ಲಿ ಸಾರಜನಕ 210, ಪೊಟ್ಯಾಸಿಯಂ 235, ಕ್ಯಾಲ್ಸಿಯಂ 200, ಮೆಗ್ನೀಸಿಯಂ 48, ರಂಜಕ 31 ಪಿಪಿಎಂ ಎಂದು ಒಂದೊಂದಕ್ಕೂ ಬೇರೆ ಬೇರೆ ಲೆಕ್ಕವಿದೆ. ಆ ಐದನ್ನೂ ಒಂದೇ ಅಂಕಿಯಲ್ಲಿ ಕಾಯುತ್ತೇನೆ ಎಂದು ಹೊರಟರೆ ಎಲ್ಲಿಯೋ ಎಡವುವುದು ಖಂಡಿತ.

ಹಾಗೆಂದು ಮೀಟರ್ ಎಸೆಯಬೇಡಿ. ಅದರ ಬಳಕೆಯಲ್ಲಿ ಮೂರು ಮಾತು ನೆನಪಿರಲಿ. ಮೊದಲನೆಯದು, ಪಿಪಿಎಂ ಅಂಕಿಯನ್ನು ನಂಬದೆ ಇಸಿ ಅಂಕಿಯನ್ನೇ ಓದಿ. ಅದೇ 2.0 ಇಸಿಯನ್ನು ಒಂದು ಕಂಪನಿಯ ಮೀಟರ್ 1000 ಪಿಪಿಎಂ ಎಂದು ತೋರಿಸಿದರೆ ಇನ್ನೊಂದು 1400 ಎನ್ನುತ್ತದೆ. ಇಬ್ಬರು ರೈತರು ಫೋನಿನಲ್ಲಿ ಪಿಪಿಎಂ ಹೋಲಿಸಿಕೊಂಡು ಜಗಳಾಡುವುದು ಇದೇ ಕಾರಣಕ್ಕೆ. ಎರಡನೆಯದು, 1.413ರ ಮಾನಕ ದ್ರಾವಣದ ಪುಟ್ಟ ಬಾಟಲಿ ತಂದು ಆಗಾಗ ಮೀಟರ್ ಸರಿಯಾಗಿದೆಯೇ ನೋಡಿ. ಮೂರನೆಯದು, ಪಿಎಚ್ ನೋಡದೆ ಇಸಿ ಮಾತ್ರ ನೋಡಬೇಡಿ. ನೀರಿನ ಬೇಸಾಯದಲ್ಲಿ 5.5ರಿಂದ 6.5ರ ನಡುವೆ ಇರಬೇಕು. ಅದು ಮೇಲೇರಿದರೆ ಕಬ್ಬಿಣ, ಸತು, ಮ್ಯಾಂಗನೀಸ್ ಟ್ಯಾಂಕಿನಲ್ಲಿದ್ದೂ ಬೇರಿಗೆ ಸಿಗುವುದಿಲ್ಲ. ಸುಣ್ಣದ ಅಂಶವಿರುವ ಕರಿಮಣ್ಣಿನಲ್ಲಿ ದ್ರಾಕ್ಷಿ ಚಿಗುರು ಹಳದಿಗಟ್ಟುವುದಕ್ಕೂ ಮೂಲ ಇದೇ.

ಗಿಡವನ್ನೇ ಕೇಳುವುದು

ನೀರು ಏನು ಹೇಳಿದರೂ ಅದು ಕೊಟ್ಟದ್ದರ ಲೆಕ್ಕ. ಗಿಡ ತಿಂದದ್ದರ ಲೆಕ್ಕ ಎಲೆಯಲ್ಲಿದೆ. ದ್ರಾಕ್ಷಿಯಲ್ಲಿ ಎಲೆಯ ಹಾಳೆಯ ಬದಲು ಅದರ ತೊಟ್ಟನ್ನು ಪರೀಕ್ಷಿಸುವುದು ರೂಢಿ. ಬೆಳೆಗಾರರ ಬಾಯಲ್ಲಿ ಅದು ‘ಪಿಟಿಯೋಲ್ ಟೆಸ್ಟ್’. ಬೆಂಗಳೂರಿನ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯಲ್ಲಿ ಇದರ ಮೇಲೆ ಸಾಕಷ್ಟು ಕೆಲಸ ನಡೆದಿದೆ. 1997ರಲ್ಲಿ ಪುಣೆ ಬಳಿಯ ಮಾಂಜರಿಯಲ್ಲಿ ಆರಂಭವಾದ ರಾಷ್ಟ್ರೀಯ ದ್ರಾಕ್ಷಿ ಸಂಶೋಧನಾ ಕೇಂದ್ರವೂ ಇದನ್ನೇ ಸಲಹೆ ಮಾಡುತ್ತದೆ.

ಎರಡು ಹೊತ್ತಿಗೆ ತೊಟ್ಟು ತೆಗೆಯಬೇಕು. ಏಪ್ರಿಲ್ ಚಾಟ್ನಿಯ ನಂತರ ಸುಮಾರು 45ನೇ ದಿನಕ್ಕೆ, ಕಡ್ಡಿಯ ಬುಡದಿಂದ ಎಣಿಸಿದರೆ ಐದನೆಯ ಎಲೆಯ ತೊಟ್ಟು. ಇನ್ನೊಂದು, ಅಕ್ಟೋಬರ್ ಚಾಟ್ನಿಯ ನಂತರ ಹೂವು ಪೂರ್ತಿ ಅರಳಿದಾಗ, ಗೊನೆಯ ಎದುರಿಗಿರುವ ಎಲೆಯ ತೊಟ್ಟು. ಮೊದಲನೆಯದು ಇಳುವರಿಯ ಬಗ್ಗೆ ಎಚ್ಚರಿಸುತ್ತದೆ, ಎರಡನೆಯದು ಹಣ್ಣಿನ ಗುಣಮಟ್ಟ ತಿದ್ದಲು ಸಮಯ ಕೊಡುತ್ತದೆ. ಎಲೆಯ ವಯಸ್ಸು ಬದಲಾದರೆ ಅದರೊಳಗಿನ ಪೋಷಕಾಂಶವೂ ಬದಲಾಗುತ್ತದೆ. ಐದನೆಯ ಎಲೆಗೆ ಮಾಡಿದ ಮಾನದಂಡದ ಮುಂದೆ ಹತ್ತನೆಯ ಎಲೆಯ ತೊಟ್ಟು ಇಟ್ಟು ಓದಿದರೆ ವರದಿ ಪೂರ್ತಿ ಸುಳ್ಳು ಹೇಳುತ್ತದೆ.

ತೆಗೆಯುವ ಬಗೆ ಹೀಗಿದೆ. ಬೆಳಿಗ್ಗೆ ಬಿಸಿಲೇರುವ ಮೊದಲು ಪಡಕ್ಕೆ ಇಳಿಯಿರಿ. ರಸ್ತೆ ಪಕ್ಕದ ಸಾಲು, ಬದುವಿನ ಸಾಲು ಬಿಡಿ. ಅಂಕುಡೊಂಕಾಗಿ ನಡೆಯುತ್ತ ಒಂದು ಗಿಡಕ್ಕೆ ಒಂದೇ ಎಲೆಯಂತೆ ನೂರರಿಂದ ಇನ್ನೂರು ಎಲೆ ಕೀಳಿ. ಕಿತ್ತ ಕೂಡಲೇ, ಅಲ್ಲೇ ನಿಂತು, ಹಾಳೆಯನ್ನು ಚಿವುಟಿ ಎಸೆದು ತೊಟ್ಟನ್ನಷ್ಟೇ ಕಾಗದದ ಚೀಲಕ್ಕೆ ಹಾಕಿ. ಮನೆಗೆ ತಂದು ಬಿಡಿಸೋಣ ಎಂದರೆ ಬಾಡುವ ಹಾಳೆ ತೊಟ್ಟಿನಲ್ಲಿದ್ದುದನ್ನು ಎಳೆದುಕೊಳ್ಳುತ್ತದೆ. ಪ್ಲಾಸ್ಟಿಕ್ ಚೀಲ ಬೇಡ, ಬೆವೆತು ಕೊಳೆಯುತ್ತದೆ. ತಳಿ ಬೇರೆಯಾದರೆ ಚೀಲ ಬೇರೆ, ಬೇರುಸಸಿ ಬೇರೆಯಾದರೆ ಚೀಲ ಬೇರೆ. ಥಾಮ್ಸನ್ ಮತ್ತು ಸೋನಾಕಾ ಎರಡನ್ನೂ ಒಂದೇ ಚೀಲಕ್ಕೆ ತುಂಬಿ ಕಳಿಸುವವರು ದುಡ್ಡು ಕೊಟ್ಟು ಗೊಂದಲ ಕೊಳ್ಳುತ್ತಾರೆ. ಪಡದ ಒಂದು ಮೂಲೆಯಲ್ಲಿ ಗಿಡ ಸೊರಗಿದ್ದರೆ ಅಲ್ಲಿಂದ ಒಂದು ಚೀಲ, ಚೆನ್ನಾಗಿರುವ ಕಡೆಯಿಂದ ಇನ್ನೊಂದು ಚೀಲ ತೆಗೆದು ಎರಡನ್ನೂ ಕಳಿಸಿ. ಯಾವ ಮಾನದಂಡಕ್ಕಿಂತಲೂ ಈ ಜೋಡಿ ಹೆಚ್ಚು ಹೇಳುತ್ತದೆ.

ಸಿಂಪರಣೆಯ ವಿಷಯಕ್ಕೆ ವಿಶೇಷ ಗಮನ ಕೊಡಬೇಕು. ದ್ರಾಕ್ಷಿಗೆ ನಾವು ಹೊಡೆಯುವಷ್ಟು ಔಷಧ ಬೇರೆ ಬೆಳೆಗೆ ಹೊಡೆಯುವುದಿಲ್ಲ. ಮ್ಯಾಂಕೋಝೆಬ್‌ನಲ್ಲಿ ಮ್ಯಾಂಗನೀಸ್ ಇದೆ, ಸತು ಇದೆ. ಬೋರ್ಡೋ ದ್ರಾವಣದಲ್ಲಿ ತಾಮ್ರ, ಸುಣ್ಣ ಎರಡೂ ಇವೆ. ನಿನ್ನೆ ಸಿಂಪಡಿಸಿ ಇವತ್ತು ತೊಟ್ಟು ಕಿತ್ತರೆ, ಸತುವಿನ ಕೊರತೆಯಿಂದ ಒದ್ದಾಡುವ ಗಿಡವೂ ವರದಿಯಲ್ಲಿ ಸತು ಸಮೃದ್ಧ ಎಂದು ಬರುತ್ತದೆ. ರಸ್ತೆಯ ಧೂಳು ಕಬ್ಬಿಣದ ಅಂಕಿ ಏರಿಸುತ್ತದೆ. ಲ್ಯಾಬಿನಲ್ಲಿ ಸಾಬೂನು ನೀರು, ತೆಳು ಹೈಡ್ರೋಕ್ಲೋರಿಕ್ ಆಮ್ಲ, ಬಟ್ಟಿ ಇಳಿಸಿದ ನೀರು ಹೀಗೆ ಸರದಿಯಲ್ಲಿ ತೊಳೆಯುತ್ತಾರೆ, ನಿಜ. ಆದರೂ ಸಿಂಪರಣೆಗೆ ಮೊದಲೇ ತೊಟ್ಟು ತೆಗೆಯುವುದು ಒಳ್ಳೆಯದು. ಆಗದಿದ್ದರೆ ಏನು ಹೊಡೆದಿದ್ದೀರಿ, ಯಾವತ್ತು ಹೊಡೆದಿದ್ದೀರಿ ಎಂದು ಚೀಲದ ಮೇಲೆ ಬರೆಯಿರಿ.

ವರದಿ ಬಂದ ಮೇಲೆ ಯಾರ ಮಾನದಂಡದ ಮುಂದೆ ಓದುತ್ತಿದ್ದೇನೆ ಎಂದು ಒಮ್ಮೆ ಕೇಳಿಕೊಳ್ಳಿ. ಕ್ಯಾಲಿಫೋರ್ನಿಯಾದ ಥಾಮ್ಸನ್ ಸೀಡ್‌ಲೆಸ್‌ಗೆ ಹೂವಿನ ಹಂತದಲ್ಲಿ ತೊಟ್ಟಿನ ಪೊಟ್ಯಾಸಿಯಂ ಶೇ 1ಕ್ಕಿಂತ ಕಡಿಮೆಯಾದರೆ ಕೊರತೆ, ಶೇ 1.5 ಮೀರಿದರೆ ಸಾಕು ಎನ್ನುತ್ತಾರೆ. ಅಲ್ಲಿ ವರ್ಷಕ್ಕೆ ಒಂದೇ ಚಾಟ್ನಿ, ನಮ್ಮಲ್ಲಿ ಎರಡು. ಅಲ್ಲಿಯ ಅಂಕಿಯನ್ನು ಮೊಬೈಲಿನಲ್ಲಿ ನೋಡಿ 0:0:50 ಚೀಲ ತರಿಸುವ ಮೊದಲು ನಮ್ಮ ಸೀಮೆಯ, ನಮ್ಮ ಹಂತದ ಮಾನದಂಡ ಕೊಟ್ಟಿರುವ ಲ್ಯಾಬ್ ಹುಡುಕಿ. ಮತ್ತೊಂದು ಮಾತು: ಸೋಡಿಯಂ ಕಾಲಂ ಇಲ್ಲದ ವರದಿ ಬೋರ್ ನೀರಿನ ಪಡಕ್ಕೆ ಅರ್ಧ ವರದಿ. ಕೇಳಿ ಮಾಡಿಸಿ. ಬರೀ ಪೊಟ್ಯಾಷ್ ಸುರಿದರೆ ಮೆಗ್ನೀಸಿಯಂ ಹಿಂದೆ ಬೀಳುತ್ತದೆ ಎಂಬುದೂ ತಲೆಯಲ್ಲಿರಲಿ. ಹಳೆಯ ಎಲೆಗಳಲ್ಲಿ ನರ ಹಸಿರಾಗಿ ಉಳಿದು ನಡುವೆ ಹಳದಿಯಾಗುವುದು ಅದರ ಗುರುತು.

ಬೆಂಕಿಯ ಬಣ್ಣ, ಲೇಸರಿನ ಕಿಡಿ

ತೊಟ್ಟು ಪರೀಕ್ಷೆಯ ದೊಡ್ಡ ಕೊರತೆ ಸಮಯ. ತೊಳೆದು, 65-70 ಡಿಗ್ರಿಯಲ್ಲಿ ಒಣಗಿಸಿ, ಪುಡಿ ಮಾಡಿ, ಆಮ್ಲದಲ್ಲಿ ಕರಗಿಸಿ, ಒಂದೊಂದು ಧಾತುವಿಗೆ ಒಂದೊಂದು ಯಂತ್ರಕ್ಕೆ ಹಾಕಬೇಕು. ಇಷ್ಟಾಗುವಷ್ಟರಲ್ಲಿ ದಿನಗಳು ಉರುಳುತ್ತವೆ, ಪಡ ಮುಂದಿನ ಹಂತಕ್ಕೆ ಕಾಲಿಟ್ಟಿರುತ್ತದೆ. ನಲವತ್ತು ದಿನದ ಲೆಟ್ಯೂಸ್ ಬೆಳೆಗಂತೂ ಇದು ಹೊಂದುವುದೇ ಇಲ್ಲ. ಲೇಸರ್ ಬರುವುದು ಈ ಜಾಗಕ್ಕೆ.

ಅದರ ತತ್ವ ಅಡುಗೆಮನೆಯಲ್ಲೇ ಇದೆ. ಉಪ್ಪು ಹಾಕಿದ ನೀರು ಉಕ್ಕಿ ಗ್ಯಾಸ್ ಒಲೆಯ ಮೇಲೆ ಬಿದ್ದಾಗ ನೀಲಿ ಉರಿ ಥಟ್ಟನೆ ಹಳದಿಯಾಗುವುದನ್ನು ಎಲ್ಲರೂ ನೋಡಿದ್ದೇವೆ. ಆ ಹಳದಿ ಸೋಡಿಯಂನದು. ಅದರ ತರಂಗಾಂತರ 589 ನ್ಯಾನೊಮೀಟರ್, ಎಲ್ಲಿ ನೋಡಿದರೂ ಅಷ್ಟೇ. ಕಾದಾಗ ಪ್ರತಿ ಧಾತುವೂ ತನ್ನದೇ ಬಣ್ಣದ ಗೆರೆಗಳನ್ನು ಬಿಡುತ್ತದೆ. ಪೊಟ್ಯಾಸಿಯಂ 766.5 ಮತ್ತು 769.9ರಲ್ಲಿ, ಕ್ಯಾಲ್ಸಿಯಂ 393.4ರಲ್ಲಿ, ಮೆಗ್ನೀಸಿಯಂ 279.6ರಲ್ಲಿ, ಬೋರಾನ್ 249.8ರಲ್ಲಿ. ಮಣ್ಣು ಪರೀಕ್ಷೆಯ ಲ್ಯಾಬುಗಳಲ್ಲಿ ಪೊಟ್ಯಾಷ್ ಅಳೆಯುವ ಫ್ಲೇಮ್ ಫೋಟೋಮೀಟರ್ ಇದೇ ತತ್ವದ ಯಂತ್ರ. ಆದರೆ ಗ್ಯಾಸ್ ಉರಿಗೆ ಸೋಡಿಯಂ, ಪೊಟ್ಯಾಸಿಯಂನಂಥ ಕೆಲವೇ ಧಾತುಗಳು ಸುಲಭವಾಗಿ ಮಿನುಗುತ್ತವೆ. ಉರಿಯ ಬದಲು ಲೇಸರ್ ಬಳಸಿದರೆ? ಒಂದು ಸೆಕೆಂಡಿನ ನೂರು ಕೋಟಿ ಪಾಲಿನಲ್ಲಿ ಕೆಲವೇ ಪಾಲು ಉಳಿಯುವ ಲೇಸರ್ ಪೆಟ್ಟು ಕೂದಲೆಳೆಯಷ್ಟು ಅಗಲದ ಚುಕ್ಕೆಯ ಮೇಲೆ ಬಿದ್ದಾಗ ಅಲ್ಲಿಯ ವಸ್ತು ಆವಿಯಾಗಿ ಹತ್ತು ಸಾವಿರ ಡಿಗ್ರಿಯಷ್ಟು ಬಿಸಿಯ ಕಿಡಿಯಾಗುತ್ತದೆ. ಆ ಕಿಡಿಯಲ್ಲಿ ಎಲ್ಲ ಧಾತುಗಳೂ ಏಕಕಾಲಕ್ಕೆ ಹೊಳೆಯುತ್ತವೆ. ಆ ಬೆಳಕನ್ನು ಬಿಡಿಸಿ ಓದುವುದೇ ಲಿಬ್ಸ್ ತಂತ್ರ.

ಕನ್ನಡ ನಾಡಿಗೆ ಇದು ಹೊರಗಿನದಲ್ಲ. 2023ರ ಆಗಸ್ಟ್ 23ರಂದು ಚಂದ್ರಯಾನ-3 ಇಳಿದ ಮೇಲೆ ಪ್ರಜ್ಞಾನ್ ರೋವರ್ ಚಂದ್ರನ ದಕ್ಷಿಣ ಧ್ರುವದ ಕಡೆಯ ಮಣ್ಣಿನಲ್ಲಿ ಗಂಧಕವಿದೆ ಎಂದು ಹೇಳಿದ್ದು ಲಿಬ್ಸ್ ಉಪಕರಣದಿಂದ. ಅಲ್ಯೂಮಿನಿಯಂ, ಕ್ಯಾಲ್ಸಿಯಂ, ಕಬ್ಬಿಣ, ಟೈಟಾನಿಯಂಗಳೂ ಆ ಪಟ್ಟಿಯಲ್ಲಿದ್ದವು. ಆ ಉಪಕರಣ ತಯಾರಾದದ್ದು ಬೆಂಗಳೂರಿನ ಪೀಣ್ಯದಲ್ಲಿರುವ ಇಸ್ರೋದ ಎಲೆಕ್ಟ್ರೋ-ಆಪ್ಟಿಕ್ಸ್ ಪ್ರಯೋಗಾಲಯ ಲಿಯೋಸ್‌ನಲ್ಲಿ. ಮಣಿಪಾಲದ ವಿಶ್ವವಿದ್ಯಾಲಯದಲ್ಲಿ ಪರಮಾಣು ಮತ್ತು ಅಣು ಭೌತವಿಜ್ಞಾನದವರು ಮಣ್ಣಿನಲ್ಲಿರುವ ಧಾತುಗಳನ್ನು ಲಿಬ್ಸ್‌ನಿಂದ ಅಳೆಯುವ ಬಗ್ಗೆ ಹಲವು ವರ್ಷಗಳಿಂದ ಕೆಲಸ ಮಾಡಿದ್ದಾರೆ. ಚಂದ್ರನ ಮಣ್ಣು ಓದಿದ ಯಂತ್ರ ಅಥಣಿಯ ತೊಟ್ಟನ್ನು ಓದದೇ ಎಂದು ಅನ್ನಿಸುವುದು ಸಹಜ.

ಓದುತ್ತದೆ, ಆದರೆ ಷರತ್ತುಗಳಿವೆ. ಮೊದಲನೆಯದು ಸಾರಜನಕ. ಕಿಡಿ ಹೊತ್ತುವುದು ಗಾಳಿಯಲ್ಲಿ, ಗಾಳಿಯಲ್ಲಿ ಶೇ 78 ಸಾರಜನಕವೇ. ಹೊಳೆದದ್ದು ಗಿಡದ್ದೋ ಗಾಳಿಯದ್ದೋ ಬೇರ್ಪಡಿಸುವುದು ಕಷ್ಟ. ಚಂದ್ರನಲ್ಲಿ ಗಾಳಿಯಿಲ್ಲ, ಐಗಳಿಯಲ್ಲಿದೆ. ಎರಡನೆಯದು ನೀರು. ಹಸಿ ಎಲೆಯ ತೇವ ಕಿಡಿಯನ್ನು ಮಂಕಾಗಿಸುತ್ತದೆ. ಪೋಷಕ ದ್ರಾವಣಕ್ಕೇ ನೇರ ಹೊಡೆದರೆ ಸಿಡಿಯುತ್ತದೆ, ಹಾಗಾಗಿ ಅದನ್ನು ಕಾಗದದ ಮೇಲೆ ಒಣಗಿಸಿಯೋ ತೆಳ್ಳನೆ ಧಾರೆಯಾಗಿ ಹರಿಸಿಯೋ ಓದಬೇಕು. ನಂಬಬಹುದಾದ ಅಂಕಿ ಬೇಕಿದ್ದರೆ ಎಲೆ ಒಣಗಿಸಿ, ಪುಡಿ ಮಾಡಿ, ಒತ್ತಿ ಬಿಲ್ಲೆ ಮಾಡಿ ಹೊಡೆಯಬೇಕು. ಅಂದರೆ ತಪ್ಪುವುದು ಆಮ್ಲದಲ್ಲಿ ಕರಗಿಸುವ ಹಂತ ಮತ್ತು ಹಲವು ಯಂತ್ರಗಳ ಓಡಾಟ ಮಾತ್ರ. ಅದು ಸಣ್ಣ ಉಳಿತಾಯವಲ್ಲ. ಬಿಲ್ಲೆ ಸಿದ್ಧವಾದ ಮೇಲೆ ನಿಮಿಷಗಳಲ್ಲಿ ಫಲಿತಾಂಶ. ಆದರೆ ‘ಎಲೆಗೆ ಹಿಡಿದರೆ ಸಾಕು’ ಎಂಬ ಜಾಹೀರಾತಿನ ಮಾತಿಗೂ ಇದಕ್ಕೂ ಅಂತರವಿದೆ. ಮೂರನೆಯದು ನಮ್ಮ ಹಳೆಯ ಮ್ಯಾಂಕೋಝೆಬ್. ಲೇಸರ್ ಹೊಡೆಯುವುದು ಮೇಲ್ಮೈಗೆ. ತೊಳೆಯದ ತೊಟ್ಟಿನ ಮೇಲೆ ಮೊದಲ ಪೆಟ್ಟು ಓದುವುದು ಔಷಧವನ್ನು, ಗಿಡವನ್ನಲ್ಲ.

ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯ. ಗೆರೆ ಎಷ್ಟು ಹೊಳೆಯಿತು ಎಂಬುದು ಶೇಕಡಾವಾರು ಪ್ರಮಾಣವಾಗಬೇಕಾದರೆ ಅಂಥದೇ ವಸ್ತುವಿನ, ಪ್ರಮಾಣ ಮೊದಲೇ ತಿಳಿದಿರುವ ಮಾದರಿಗಳ ಜೊತೆ ಹೋಲಿಸಬೇಕು. ಲೆಟ್ಯೂಸ್ ಎಲೆಗೆ ಹೊಂದಿಸಿದ ಯಂತ್ರ ದ್ರಾಕ್ಷಿ ತೊಟ್ಟಿನ ಮೇಲೆ ಅಷ್ಟೇ ಪೊಟ್ಯಾಷ್‌ಗೆ ಬೇರೆ ಅಂಕಿ ಕೊಡುತ್ತದೆ. ಆ ಹೋಲಿಕೆಯ ಮಾದರಿ ಸಿಗುವುದು ಮತ್ತೆ ಅದೇ ಹಳೆಯ ಲ್ಯಾಬಿನಿಂದ.

ಲಿಬ್ಸ್ ಸೋಲುವ ಸಾರಜನಕದಲ್ಲಿ ಇನ್ನೊಂದು ಲೇಸರ್ ವಿಧಾನ ಗೆಲ್ಲುತ್ತಿದೆ. ಸಿ.ವಿ. ರಾಮನ್ 1928ರಲ್ಲಿ ಕಂಡುಹಿಡಿದ ಪರಿಣಾಮ ಅದಕ್ಕೆ ಆಧಾರ. ಇಲ್ಲಿ ಎಲೆ ಸುಡುವುದಿಲ್ಲ, ಬೆಳಕು ಬಡಿದು ಚದುರುವಾಗ ಬಣ್ಣ ತುಸು ಬದಲಾಗುವುದರಿಂದ ಯಾವ ಅಣು ಇದೆ ಎಂದು ತಿಳಿಯುತ್ತದೆ. ಎಲೆಯೊಳಗಿನ ನೈಟ್ರೇಟ್‌ಗೆ ಸ್ಪಷ್ಟವಾದ ಗುರುತಿದೆ. 2020ರಲ್ಲಿ ಸಿಂಗಪುರದ ಟೆಮಾಸೆಕ್ ಪ್ರಯೋಗಾಲಯದ ಮತ್ತು ಎಂಐಟಿ ಸಹಯೋಗದ ಸ್ಮಾರ್ಟ್ ಸಂಸ್ಥೆಯ ವಿಜ್ಞಾನಿಗಳು ಪಾಕ್ ಚೋಯ್, ಚೋಯ್ ಸಮ್ ಎಂಬ ಸಾಸಿವೆ ಕುಲದ ಸೊಪ್ಪುಗಳಲ್ಲಿ ಸಾರಜನಕದ ಕೊರತೆಯನ್ನು ಕಣ್ಣಿಗೆ ಕಾಣುವ ಮೊದಲೇ ಹೀಗೆ ಹಿಡಿದು ತೋರಿಸಿದರು. ಎಲೆಗೆ ಕ್ಲಿಪ್ಪಿನಂತೆ ಹಾಕುವ ರೂಪವನ್ನೂ ಮಾಡಿದ್ದಾರೆ. ಮಣ್ಣಿಲ್ಲದ ಸೊಪ್ಪಿನ ಬೇಸಾಯಕ್ಕೆ ಲಿಬ್ಸ್‌ಗಿಂತ ಇದೇ ಮೊದಲು ಬಂದೀತು ಎಂಬುದು ನನ್ನ ಅಂದಾಜು.

ಇವತ್ತು ಯಾವುದಕ್ಕೆ ದುಡ್ಡು ಹಾಕಬೇಕು?

ಕೈಯಲ್ಲಿ ಹಿಡಿಯುವ ಲಿಬ್ಸ್ ಯಂತ್ರಕ್ಕೆ ಹತ್ತಾರು ಲಕ್ಷ ರೂಪಾಯಿ. ಲೋಹದ ಗುಜರಿ ವಿಂಗಡಿಸುವವರಿಗಾಗಿ ಮಾಡಿದವು ಅವುಗಳಲ್ಲಿ ಬಹಳ. ಕಣ್ಣಿಗೆ ಕಾಣದ ಅದರ ಲೇಸರ್ ಕಣ್ಣನ್ನೇ ಕೆಡಿಸಬಲ್ಲದು, ಕನ್ನಡಕವಿಲ್ಲದೆ ಮುಟ್ಟುವಂತಿಲ್ಲ. ಒಬ್ಬ ಬೆಳೆಗಾರ ಕೊಳ್ಳುವ ವಸ್ತುವಲ್ಲ ಅದು. ಬೆಳೆಗಾರರ ಸಂಘವೋ ಸಹಕಾರಿ ಸಂಸ್ಥೆಯೋ ಲ್ಯಾಬ್ ಜೊತೆ ಸೇರಿ ಇಟ್ಟರೆ ಅರ್ಥವಿದೆ.

ಸದ್ಯಕ್ಕೆ ಬೇಗ ಉತ್ತರ ಬೇಕೆನ್ನುವವರು ತೊಟ್ಟಿನ ರಸ ಪರೀಕ್ಷೆಯತ್ತ ನೋಡಬಹುದು. ನೈಟ್ರೇಟ್‌ಗೆ ಒಂದು, ಪೊಟ್ಯಾಸಿಯಂಗೆ ಒಂದು ಎಂದು ಬೇರೆ ಬೇರೆಯಾಗಿ ಸಿಗುವ ಪುಟ್ಟ ಅಯಾನ್ ಮೀಟರುಗಳಿವೆ. ತೊಟ್ಟನ್ನು ಸಣ್ಣಗೆ ಹೆಚ್ಚಿ ಬೆಳ್ಳುಳ್ಳಿ ಹಿಂಡುವ ಇಕ್ಕುಳಕ್ಕೆ ಹಾಕಿ ಒತ್ತಿದರೆ ಬರುವ ಕೆಲವೇ ಹನಿ ಸಾಕು. ಟೊಮ್ಯಾಟೊ, ಆಲೂಗಡ್ಡೆಯಂಥ ರಸಭರಿತ ತೊಟ್ಟುಗಳಿಗೆ ಇದು ಚೆನ್ನಾಗಿ ಒಗ್ಗುತ್ತದೆ. ಪಾಲಿಹೌಸ್‌ನಲ್ಲಿ ಕೋಕೋಪೀಟ್ ಚೀಲದ ಮೇಲೆ ಟೊಮ್ಯಾಟೊ ಬೆಳೆಯುವವರಿಗೆ ನಾನು ಮೊದಲು ಹೇಳುವುದು ಇದನ್ನೇ. ಅದೇ ಗಿಡ, ಅದೇ ವಯಸ್ಸಿನ ಎಲೆ, ಅದೇ ಹೊತ್ತು: ಹೀಗೆ ವಾರಕ್ಕೊಮ್ಮೆ ನೋಡಿದರೆ ಒಂದೊಂದು ಅಂಕಿಗಿಂತ ಅಂಕಿಗಳು ಯಾವ ಕಡೆ ಹೊರಟಿವೆ ಎಂಬುದು ಮುಖ್ಯವಾಗುತ್ತದೆ. ಲೆಟ್ಯೂಸ್‌ನ ಎಳೆ ಎಲೆಯ ಅಂಚು ಸುಟ್ಟಂತಾದರೆ ಮಾತ್ರ ಮೀಟರ್ ಹುಡುಕಬೇಡಿ. ಅದು ಕ್ಯಾಲ್ಸಿಯಂ ಕೊರತೆ, ಆದರೆ ಟ್ಯಾಂಕಿನಲ್ಲಿ ಅಲ್ಲ. ಗಾಳಿಯಾಡದೆ ಎಲೆಯಿಂದ ನೀರು ಆವಿಯಾಗದಿದ್ದಾಗ ಕ್ಯಾಲ್ಸಿಯಂ ಮೇಲೇರುವುದಿಲ್ಲ. ಫ್ಯಾನ್ ಹಾಕಿ. ಇನ್ನು ಟ್ರೇಗಳಲ್ಲಿ ಮೆಕ್ಕೆಜೋಳ ಮೊಳಕೆಯೊಡೆಸಿ ವಾರದಲ್ಲಿ ದನಕ್ಕೆ ಹಾಕುವ ಹೈಡ್ರೋಪೋನಿಕ್ ಮೇವಿಗೆ ಇದ್ಯಾವುದೂ ಬೇಡ, ಅದು ಬೀಜದೊಳಗಿನ ಬುತ್ತಿಯಲ್ಲೇ ಬೆಳೆಯುತ್ತದೆ.

ದ್ರಾಕ್ಷಿಯವರು ವರ್ಷಕ್ಕೆ ಎರಡು ತೊಟ್ಟು ಪರೀಕ್ಷೆ, ಒಂದು ನೀರು ಪರೀಕ್ಷೆ ತಪ್ಪಿಸದಿದ್ದರೆ ಸಾಕು. ಬಾಗಲಕೋಟೆಯ ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯ, ಅದರ ಅರಭಾವಿ ಕಾಲೇಜು, ವಿಜಯಪುರ ಬಳಿಯ ತಿಡಗುಂದಿ ಕೇಂದ್ರ, ಬೆಳಗಾವಿ ಜಿಲ್ಲೆಯ ಮತ್ತಿಕೊಪ್ಪ ಮತ್ತು ತುಕ್ಕಾನಟ್ಟಿ ಕೃಷಿ ವಿಜ್ಞಾನ ಕೇಂದ್ರಗಳಲ್ಲಿ ವಿಚಾರಿಸಬಹುದು. ಮಣ್ಣು ಪರೀಕ್ಷಿಸುವ ಕಡೆಯಲ್ಲೆಲ್ಲ ತೊಟ್ಟು ಪರೀಕ್ಷಿಸುವುದಿಲ್ಲ, ಹಾಗಾಗಿ ಚಾಟ್ನಿಯ ದಿನವೇ ಫೋನ್ ಮಾಡಿ ಕೇಳಿ, 45ನೇ ದಿನದ ಬೆಳಿಗ್ಗೆ ಅಲ್ಲ.

ಲೇಸರ್ ಯಂತ್ರ ಹಿಡಿದು ಯಾರಾದರೂ ಪಡಕ್ಕೆ ಬಂದರೆ ಓಡಿಸಬೇಡಿ, ಕೂರಿಸಿ ಕೇಳಿ. ಯಾವ ಬೆಳೆಯ, ಯಾವ ಭಾಗಕ್ಕೆ ಇದನ್ನು ಹೊಂದಿಸಿದ್ದೀರಿ? ಸಾರಜನಕ ಹೇಗೆ ಅಳೆಯುತ್ತೀರಿ? ಎಲೆ ತೊಳೆಯುತ್ತೀರೋ ಇಲ್ಲವೋ? ಎಷ್ಟು ಚುಕ್ಕೆಗಳಿಗೆ ಹೊಡೆದು ಸರಾಸರಿ ತೆಗೆಯುತ್ತೀರಿ? ಉತ್ತರಗಳು ಸರಿ ಎನಿಸಿದರೆ ಕೊನೆಯ ಪರೀಕ್ಷೆ ನಿಮ್ಮ ಕೈಯಲ್ಲೇ ಇದೆ. ಒಂದೇ ಪಡದ ಇನ್ನೂರು ತೊಟ್ಟು ಚೆನ್ನಾಗಿ ಕಲಸಿ ಮೂರು ಪಾಲು ಮಾಡಿ. ಒಂದು ಪಾಲು ಲ್ಯಾಬಿಗೆ. ಉಳಿದ ಎರಡನ್ನು ಬೇರೆ ಬೇರೆ ಹೆಸರು ಬರೆದು ಅದೇ ಲೇಸರ್‌ನವರಿಗೆ ಕೊಡಿ. ಆ ಎರಡರ ಅಂಕಿಯೇ ಒಂದಕ್ಕೊಂದು ಹೊಂದದಿದ್ದರೆ ಲ್ಯಾಬ್ ವರದಿ ಬರುವವರೆಗೂ ಕಾಯಬೇಕಿಲ್ಲ.